ನಿಂತ ಕಾರಿನ ಕಣ್ಣು

ನಮ್ಮ ತಂದೆಯವರು ವಸತಿ ಸಮುಚ್ಚಯವೊಂದರಲ್ಲಿ ರಾತ್ರಿ ಕಾವಲುಗಾರರು. ಅಲ್ಲಿ ನಿಂತಿದ್ದ ಕಾರೊಂದಕ್ಕೆ ಒಮ್ಮೆ ಗೀರು ಬಿದ್ದಿತು. ಕಾರಿನ ಕ್ಯಾಮೆರಾದಲ್ಲಿ ಯಾವ ಚಿತ್ರವೂ ಇರಲಿಲ್ಲ. ಚಿತ್ರವಿಲ್ಲವಾದ್ದರಿಂದ ಹೊರಗಿನವರು ಬಂದಿಲ್ಲ, ಆದ್ದರಿಂದ ಕಾವಲುಗಾರನೇ ಮಾಡಿರಬೇಕು—ಇದು ಒಡೆಯರ ತರ್ಕ. ಕಾಣದ್ದೆಲ್ಲ ಇಲ್ಲವೆಂದು ಅನುಮಾನಿಸುವುದು ಎಷ್ಟು ಸರಿ?

ಟೆಸ್ಲಾ ಕಾರುಗಳಲ್ಲಿ 2019ರಲ್ಲಿ ಬಂದ 'ಸೆಂಟ್ರಿ ಮೋಡ್' ಎಂಬ ಪಹರೆಯನ್ನೇ ನೋಡೋಣ. ಬೀಗ ಹಾಕಿ ನಿಂತ ಕಾರಿನ ಕ್ಯಾಮೆರಾಗಳು ಸುತ್ತಲೂ ನೋಡುತ್ತಿರುತ್ತವೆಯಾದರೂ, ಅಪಾಯವೆಂದು ಯಂತ್ರಕ್ಕೆ ತೋರಿದರೆ ಮಾತ್ರ ಆ ದೃಶ್ಯವನ್ನು ತೆಗೆದಿಡಲಾಗುತ್ತದೆ. ಎಚ್ಚರವಿರಲು ವಿದ್ಯುತ್ತು ಬೇಕಷ್ಟೆ. ಬ್ಯಾಟರಿ ಶೇಕಡ 20ಕ್ಕಿಂತ ಕೆಳಗಿಳಿದರೆ ಪಹರೆ ತಾನಾಗಿಯೇ ನಿಲ್ಲುತ್ತದೆ. ದೃಶ್ಯಗಳನ್ನು ಕೂಡಿಡುವ ಪೆನ್‌ಡ್ರೈವ್ ಕೆಟ್ಟಿದ್ದರೆ ಕಂಡದ್ದೂ ಉಳಿಯದು. ಮನೆಯ ಬಳಿ ಪಹರೆ ಬೇಡವೆಂದು ಒಡೆಯನೇ ಗೊತ್ತುಮಾಡಿಟ್ಟು ಮರೆತಿರಲೂಬಹುದು! ಎಲ್ಲ ಅಪಾಯಗಳಿಂದಲೂ ಇದು ಕಾಪಾಡುವುದೆಂದು ನಂಬಬೇಡಿರೆಂದು ಆ ಕಾರಿನ ಕೈಪಿಡಿಯೇ ಎಚ್ಚರಿಸುತ್ತದೆ.

ನಮ್ಮ ಪ್ರಸಂಗದ ಕಾರು ಬೇರೆಯದು. ಆ ರಾತ್ರಿ ಅದರ ಕಣ್ಣು ತೆರೆದಿತ್ತೆ ಎಂದು ತಂದೆಯವರು ಕೇಳಲಿಲ್ಲ, ಕೆಲಸದ ಭಯ. ಮರುದಿನ ನಾನೇ ಹೋಗಿ ಕೇಳಿದೆ. ಒಡೆಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೈಪಿಡಿಯನ್ನು ಹುಡುಕಲು ಒಳಗೆ ಹೋದರು.