ಆಗ್ನೇಯದಲ್ಲಿ ಹುಟ್ಟುವ ಸೂರ್ಯ

ಡಿಸೆಂಬರ್ ಕೊನೆಯ ವಾರಗಳ ಎಡಿನ್‌ಬರೋದಲ್ಲಿ ಸೂರ್ಯ ಪೂರ್ವಕ್ಕೆ ಹುಟ್ಟುವುದಿಲ್ಲ. ಬೆಳಿಗ್ಗೆ 8.40ರ ಸುಮಾರಿಗೆ ಆಗ್ನೇಯದಲ್ಲಿ ಮೇಲೆ ಬಂದು, ದಕ್ಷಿಣದ ಅಂಚಿನಲ್ಲೇ ಸರಿದು, 3.40ಕ್ಕೆಲ್ಲ ನೈರುತ್ಯದಲ್ಲಿ ಮುಳುಗಿಬಿಡುತ್ತಾನೆ. ನಡುಹಗಲಲ್ಲೂ ದಿಗಂತದಿಂದ 11 ಡಿಗ್ರಿ ಮೇಲೇರುವುದಿಲ್ಲ. ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ 53 ಡಿಗ್ರಿ ದಾಟಿರುತ್ತಾನೆ. ಇಲ್ಲಿಗೆ ಬಂದ ಮೊದಲ ಚಳಿಗಾಲಗಳಲ್ಲಿ ನನಗೆ ಹಾಸಿಗೆಯಿಂದ ಏಳುವುದೇ ದೊಡ್ಡ ಕೆಲಸವಾಗುತ್ತಿತ್ತು. ಮನಸ್ಸಿಗೆ ಮಂಕು, ಮೈಗೆ ಜಡ, ಹೊತ್ತಿಲ್ಲದ ಹೊತ್ತಿನಲ್ಲಿ ಸಿಹಿ ತಿನ್ನುವ ಚಪಲ. ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಅವರ ಜೊತೆಗಾರರು 1984ರಲ್ಲಿ ಋತುಮಾನದ ಖಿನ್ನತೆ ಎಂದು ವಿವರಿಸಿದ್ದು ಇಂಥ ಲಕ್ಷಣಗಳನ್ನೇ.

ಮನೆಯೊಳಗೆ ಏನಾದರೂ ಮಾಡಬಹುದು ಎಂದು ತೋರಿಸಿಕೊಟ್ಟವರು ಮೇಲಿನ ಮಹಡಿಯ ಬೀಜಿಂಗ್ ಅಜ್ಜಿ. ನಡುವೆ ಅಂಗಳ ಬಿಟ್ಟು, ದಕ್ಷಿಣಕ್ಕೆ ಮುಖ ಮಾಡಿ ಕಟ್ಟಿದ ಹಳೆಯ ಮನೆಯಲ್ಲಿ ಬೆಳೆದವರು. ಮನೆ ಜೋಡಿಸುವ ಚೀನೀ ವಿದ್ಯೆಯಾದ ಫೆಂಗ್ ಶೂಯಿ ಎಂದರೆ ನಮ್ಮಲ್ಲಿ ನಗುವ ಬುದ್ಧ, ಗಾಳಿಗಂಟೆ, ನಾಣ್ಯ ಕಚ್ಚಿದ ಕಪ್ಪೆ. ಅಜ್ಜಿ ಅವುಗಳ ಮಾತೇ ಎತ್ತಲಿಲ್ಲ. ನಮ್ಮ ಮನೆಗೆ ಬಂದವರು ಕಿಟಕಿಗಳು ಯಾವ ದಿಕ್ಕಿಗಿವೆ ಎಂದು ನೋಡಿದರು, ಆಮೇಲೆ ಬಾಗಿಲಿನಿಂದ ನಡುಮನೆಯವರೆಗೆ ನಿಧಾನವಾಗಿ ನಡೆದರು. ಉತ್ತರ ಚೀನಾದ ಚಳಿಗಾಲಕ್ಕೆ ಸೈಬೀರಿಯಾದ ಕಡೆಯಿಂದ ಬೀಸುವ ಗಾಳಿಯೇ ಶತ್ರು. ಅದಕ್ಕೇ ಬೆನ್ನು ಉತ್ತರಕ್ಕೆ, ಮುಖ ದಕ್ಷಿಣಕ್ಕೆ. ಈ ವಿದ್ಯೆಯ ಬೇರು ಇರುವುದು ಅಲ್ಲಿ, ಬದುಕಿ ಉಳಿಯುವ ತಿಳಿವಳಿಕೆಯಲ್ಲಿ ಎಂದು ನಾನು ನಂಬುತ್ತೇನೆ.

ಅವರ ಲೆಕ್ಕದಲ್ಲಿ ಮೂಲವಸ್ತುಗಳು ಐದು: ಮರ, ಬೆಂಕಿ, ಮಣ್ಣು, ಲೋಹ, ನೀರು. ನಮ್ಮ ಪಂಚಭೂತಗಳಲ್ಲಿರುವ ಗಾಳಿ, ಆಕಾಶ ಇಲ್ಲಿಲ್ಲ. ಚಳಿಗಾಲ ನೀರಿನದು, ದಿಕ್ಕು ಉತ್ತರ, ಬಣ್ಣ ಕಪ್ಪು. ಆಗ್ನೇಯ ಮರದ್ದು, ದಕ್ಷಿಣ ಬೆಂಕಿಯದು, ನೈರುತ್ಯ ಮಣ್ಣಿನದು. ಮರ ಬೆಂಕಿಯನ್ನು ಹುಟ್ಟಿಸುತ್ತದೆ, ಬೆಂಕಿ ಬೂದಿಯಾಗಿ ಮಣ್ಣಾಗುತ್ತದೆ. ಎಡಿನ್‌ಬರೋದ ಡಿಸೆಂಬರ್ ಸೂರ್ಯ ನಡೆಯುವುದು ಇದೇ ಮೂರು ದಿಕ್ಕುಗಳಲ್ಲಿ, ಇದೇ ಕ್ರಮದಲ್ಲಿ! ಇದು ಹೊಳೆದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಮನೆಯನ್ನು ಹೇಗೆ ಜೋಡಿಸಬೇಕೆಂಬ ನಕ್ಷೆ ಕೈಗೆ ಸಿಕ್ಕಂತಾಯಿತು.

ಬರೆಯುವ ಮೇಜು ಉತ್ತರದ ಕೋಣೆಯಿಂದ ನಡುಮನೆಯ ಆಗ್ನೇಯ ಮೂಲೆಗೆ ಬಂತು. ಬೆಳಗಿನ ಕಾಫಿಯೂ ಅಲ್ಲೇ. ದಕ್ಷಿಣದ ಎತ್ತರದ ಕಿಟಕಿಗೆ ಬಿಟ್ಟಿದ್ದ ಕಡುನೀಲಿ ಪರದೆ ತೆಗೆದು ಅರಿಸಿನ ಬಣ್ಣದ್ದು ಹಾಕಿದೆ. ಹಗಲಿಡೀ ಅದು ಪೂರ್ತಿ ಸರಿದಿರಬೇಕು, ಕತ್ತಲಾದ ಕೂಡಲೇ ಮುಚ್ಚಬೇಕು, ಇಲ್ಲವಾದರೆ ಗಾಜಿನಿಂದ ಥಂಡಿ ಇಳಿಯುತ್ತದೆ. ಕಿಟಕಿಯ ಕೆಳಗಿನ ರೇಡಿಯೇಟರ್‌ಗೆ ಅಡ್ಡವಾಗಿದ್ದ ಸೋಫಾ ನೈರುತ್ಯಕ್ಕೆ ಹೋಯಿತು. ಇಲ್ಲಿನ ಹಳೆಯ ಕಲ್ಲುಕಟ್ಟಡಗಳಲ್ಲಿ ನಡುವಿನ ಓಣಿಗೆ ಬೆಳಕೇ ಇರುವುದಿಲ್ಲ. ಅದರ ತುಂಬ ಕೋಟು, ಬೂಟು, ಒದ್ದೆ ಕೊಡೆ. ಬಾಗಿಲು ಮನೆಯ ಬಾಯಿ, ಉಸಿರು ಅಲ್ಲಿಂದಲೇ ಒಳಗೆ ಬರಬೇಕು ಎನ್ನುತ್ತಾರೆ ಅಜ್ಜಿ. ಓಣಿ ತೆರವು ಮಾಡಿ, ದಕ್ಷಿಣದ ಕಿಟಕಿಗೆ ಎದುರಾಗಿ ಒಂದು ಕನ್ನಡಿ ನಿಲ್ಲಿಸಿದೆವು. ಸೂರ್ಯ ತಗ್ಗಿನಲ್ಲಿರುವುದರಿಂದ ಕಿರಣ ಕೋಣೆಯ ಕೊನೆಯವರೆಗೂ ಬರುತ್ತದೆ. ಕನ್ನಡಿ ಅದನ್ನು ಓಣಿಗೆ ತಿರುಗಿಸುತ್ತದೆ.

ದೇವರ ಗೂಡನ್ನು ಮಾತ್ರ ಕದಲಿಸಲಿಲ್ಲ. ಅತ್ತೆಯವರ ಮಾತಿನಂತೆ ಅದು ಈಶಾನ್ಯದಲ್ಲಿದೆ. ಚಳಿಗಾಲದಲ್ಲಿ ಅಲ್ಲಿಗೆ ಬಿಸಿಲು ಸುಳಿಯುವುದೇ ಇಲ್ಲ, ಹಾಗಾಗಿ ಆ ತಿಂಗಳುಗಳಲ್ಲಿ ದೀಪ ಎರಡು ಹೊತ್ತೂ ಉರಿಯುತ್ತದೆ. ಜೂನ್‌ನಲ್ಲಿ ಸೂರ್ಯ ಹುಟ್ಟುವುದೇ ಈಶಾನ್ಯದಲ್ಲಿ. ಆಗ ಅತ್ತೆಯವರ ವಾಸ್ತು ಇಲ್ಲಿಯೂ ಸರಿಯಾಗಿ ಕೂಡಿಬರುತ್ತದೆ.

ಬೀಜಿಂಗಿನ ಚಳಿಗಾಲ ಒಣದು, ಬಿಸಿಲು ಧಾರಾಳ. ಸ್ಕಾಟ್ಲೆಂಡಿನದು ಮೋಡದ ಚಳಿಗಾಲ. ಸೂರ್ಯನೇ ಕಾಣದ ದಿನ ದಿಕ್ಕು ಹಿಡಿದು ಏನು ಪ್ರಯೋಜನ? ಅದಕ್ಕಾಗಿ 10,000 ಲಕ್ಸ್ ದೀಪವೊಂದನ್ನು ಅದೇ ಆಗ್ನೇಯದ ಮೇಜಿನ ಮೇಲಿಟ್ಟಿದ್ದೇನೆ. ಎದ್ದ ಮೇಲೆ ಅರ್ಧ ಗಂಟೆ ಅದರ ಎದುರು ಕೂರುತ್ತೇನೆ. ಕಣ್ಣಿಗೆ ಬಿದ್ದ ಬೆಳಗಿನ ಬೆಳಕು ಮೆಲಟೋನಿನ್ ಸ್ರಾವವನ್ನು ತಗ್ಗಿಸಿ ದೇಹದ ಗಡಿಯಾರವನ್ನು ಸರಿಹೊಂದಿಸುತ್ತದೆ. ನನಗೆ ಹೆಚ್ಚು ಗುಣ ಕೊಟ್ಟಿದ್ದು ಈ ದೀಪವೇ ಇರಬಹುದು. ಆದರೆ ಕತ್ತಲು ಕೋಣೆಯ ಮೂಲೆಯಲ್ಲಿ ಅದನ್ನಿಟ್ಟಿದ್ದರೆ ದಿನಾ ಹೋಗಿ ಕೂರುತ್ತಿದ್ದೆನೆಂದು ನನಗನಿಸುವುದಿಲ್ಲ.

ಓದಲು ಬರುವ ನಮ್ಮೂರ ಕಡೆಯ ಹುಡುಗ ಹುಡುಗಿಯರಿಗೆ ಮನೆ ಆರಿಸುವ ಸ್ವಾತಂತ್ರ್ಯ ಕಡಿಮೆ, ಸಿಗುವುದು ಒಂದೇ ಕೋಣೆ. ಅವರಿಗೆ ನಾನು ಹೇಳುವುದು ಇಷ್ಟು: ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಹಿಂದಕ್ಕೆ ಹೋಗುವ ಮೊದಲೇ ಮೇಜನ್ನು ಕಿಟಕಿಗೆ ಒತ್ತಿಡಿ, ಬಾಗಿಲ ಹಿಂದಿನ ರಾಶಿ ತೆಗೆಯಿರಿ. ಕಿಟಕಿ ಉತ್ತರಕ್ಕಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮೆಡೋಸ್ ಮೈದಾನದಲ್ಲಿ ಒಂದು ಸುತ್ತು ಹಾಕಿ ಬನ್ನಿ. ನಿದ್ದೆ, ಊಟ ಕೆಟ್ಟು ಎರಡು ವಾರ ಕಳೆದರೂ ಮನಸ್ಸು ಏಳದಿದ್ದರೆ ಕುರ್ಚಿ ಸರಿಸುತ್ತ ಕೂರಬೇಡಿ, ಹತ್ತಿರದ ಡಾಕ್ಟರನ್ನು ಕಾಣಿ. ಒಬ್ಬರೇ ಹೋಗಲು ಆಗದಿದ್ದರೆ ನಾನು ಜೊತೆಗೆ ಬರುತ್ತೇನೆ.