ಅಂಕವೂ ಸ್ಥಾನವೂ

ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕಾಗಿ ನಡೆಯುವ ಜೆ.ಇ.ಇ. ಮೇನ್ ಪರೀಕ್ಷೆಯ ಫಲಿತಾಂಶವು ಪ್ರಕಟವಾದಾಗ, 90 ಪರ್ಸೆಂಟೈಲ್ ಪಡೆದವರನ್ನು ನೂರಕ್ಕೆ ತೊಂಬತ್ತು ಅಂಕ ಪಡೆದವರೆಂದು ಭಾವಿಸುವವರು ಹಲವರುಂಟು. ಶೇಕಡಾ ಅಂಕವೆಂಬುದು ಬೇರೆ, ಪರ್ಸೆಂಟೈಲ್ ಎಂಬುದು ಬೇರೆ. ಮೊದಲನೆಯದು ಪೂರ್ಣಾಂಕದಲ್ಲಿ ನಮಗೆ ದೊರೆತ ಪಾಲೆಷ್ಟೆಂಬುದನ್ನು ಹೇಳುತ್ತದೆ. ಎರಡನೆಯದು ಪರೀಕ್ಷೆಗೆ ಕುಳಿತವರ ಸಾಲಿನಲ್ಲಿ ನಾವು ನಿಂತ ಸ್ಥಳವನ್ನು ಹೇಳುತ್ತದೆ. ಈ ಭೇದವನ್ನರಿಯದೆ ಹಿಗ್ಗುವುದೂ ಕುಗ್ಗುವುದೂ ಸಲ್ಲದು. ಆದುದರಿಂದ ಈ ಲೆಕ್ಕದ ಬಗೆಯನ್ನು ವಿದ್ಯಾರ್ಥಿಗಳೂ ಪೋಷಕರೂ ತಿಳಿದಿರುವುದು ಲೇಸು.

ಮೊದಲು ಮೂಲ ಅಂಕದ ವಿಚಾರ. 2025ರ ಪರೀಕ್ಷೆಯಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ತಲಾ 25ರಂತೆ 75 ಪ್ರಶ್ನೆಗಳಿದ್ದವು. ಸರಿಯುತ್ತರಕ್ಕೆ 4 ಅಂಕ; ತಪ್ಪಿಗೆ 1 ಅಂಕದ ಕಡಿತ; ಉತ್ತರಿಸದೆ ಬಿಟ್ಟುದಕ್ಕೆ ಸೊನ್ನೆ. ಪೂರ್ಣಾಂಕ 300. ನಾಲ್ಕು ಆಯ್ಕೆಗಳುಳ್ಳ 4 ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಉತ್ತರಿಸಿದರೆ, ಸರಾಸರಿಯಲ್ಲಿ ಒಂದು ಸರಿ, ಮೂರು ತಪ್ಪು. ಬಂದ 4ರಲ್ಲಿ 3 ಕಳೆದು ಉಳಿಯುವುದು 1. ಊಹೆಯಿಂದ ದೊರೆಯುವುದು 16ಕ್ಕೆ 1. ಅರಿತು ಬರೆದರೆ 16ಕ್ಕೆ 16.

ಹಾಗಾದರೆ ಈ ಅಂಕಗಳನ್ನೇ ನೇರವಾಗಿ ಹೋಲಿಸಬಾರದೇಕೆ? ಪರೀಕ್ಷೆಗೆ ಕೂಡುವವರು ಲಕ್ಷಾಂತರ ಮಂದಿ. ಎಲ್ಲರನ್ನೂ ಏಕಕಾಲದಲ್ಲಿ ಕಂಪ್ಯೂಟರುಗಳ ಮುಂದೆ ಕೂರಿಸಲಾಗದು. ಆದುದರಿಂದ ಪರೀಕ್ಷೆಯು ಹಲವು ದಿನ, ಹಲವು ಪಾಳಿಗಳಲ್ಲಿ ನಡೆಯುತ್ತದೆ. ಪ್ರತಿ ಪಾಳಿಗೂ ಪ್ರಶ್ನೆಪತ್ರಿಕೆ ಬೇರೆ. ಎಷ್ಟು ಎಚ್ಚರ ವಹಿಸಿದರೂ ಒಂದು ಪತ್ರಿಕೆ ಸುಲಭ, ಇನ್ನೊಂದು ಕಠಿಣ ಆಗಬಹುದು. ಕಠಿಣ ಪತ್ರಿಕೆ ಬಂದವರಿಗೆ ಅನ್ಯಾಯವಾಗದಿರಲೆಂದು, 2019ರಲ್ಲಿ ಈ ಪರೀಕ್ಷೆಯ ಹೊಣೆ ಹೊತ್ತ ನ್ಯಾಷನಲ್ ಟೆಸ್ಟಿಂಗ್ ಏಜೆನ್ಸಿಯು ಪರ್ಸೆಂಟೈಲ್ ಕ್ರಮವನ್ನು ಜಾರಿಗೆ ತಂದಿತು.

ಇದರ ಸೂತ್ರ ಸರಳವಾದುದು. ನಿಮ್ಮ ಪಾಳಿಯಲ್ಲಿ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಅಂಕ ಪಡೆದವರ ಸಂಖ್ಯೆಯನ್ನು, ಆ ಪಾಳಿಯಲ್ಲಿ ಪರೀಕ್ಷೆಗೆ ಕುಳಿತವರ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಬೇಕು. ನಿಮ್ಮನ್ನೂ ಎಣಿಕೆಗೆ ಸೇರಿಸಿಕೊಳ್ಳತಕ್ಕದ್ದು. ಒಂದು ಪಾಳಿಯಲ್ಲಿ 1000 ಮಂದಿಯಿದ್ದು, 150 ಅಥವಾ ಅದಕ್ಕಿಂತ ಕಡಿಮೆ ಅಂಕ ಬಂದವರು 900 ಮಂದಿ ಎಂದಿಟ್ಟುಕೊಳ್ಳೋಣ. ಆಗ 150 ಅಂಕದವರಿಗೆ 90 ಪರ್ಸೆಂಟೈಲ್. ಕಠಿಣ ಪತ್ರಿಕೆಯ ಮತ್ತೊಂದು ಪಾಳಿಯ 1000 ಮಂದಿಯಲ್ಲಿ 132 ಅಂಕಕ್ಕೇ ಆ 900ರ ಎಣಿಕೆ ತುಂಬಿದರೆ, 132 ಪಡೆದವರಿಗೂ 90. ಪ್ರತಿ ಪಾಳಿಯಲ್ಲಿ ಮೊದಲಿಗರಾದವರಿಗೆ 300 ಅಂಕ ಬಾರದಿದ್ದರೂ 100 ಪರ್ಸೆಂಟೈಲ್ ದೊರೆಯುತ್ತದೆ. ಸಮಾನರ ಸಂಖ್ಯೆಯನ್ನು ತಗ್ಗಿಸಲು ಏಳು ದಶಮಾಂಶ ಸ್ಥಾನಗಳವರೆಗೆ ಲೆಕ್ಕಹಾಕುತ್ತಾರೆ. ಒಟ್ಟು ಪರ್ಸೆಂಟೈಲು ಮೂರು ವಿಷಯಗಳ ಪರ್ಸೆಂಟೈಲುಗಳ ಸರಾಸರಿಯಲ್ಲ. ಒಟ್ಟು ಅಂಕಗಳಿಂದಲೇ ಅದನ್ನು ಬೇರೆಯಾಗಿ ಕಟ್ಟುತ್ತಾರೆ. ಮಹಾರಾಷ್ಟ್ರದ ಸಿ.ಇ.ಟಿ.ಯಲ್ಲಿ ತಪ್ಪಿಗೆ ಕಡಿತವಿಲ್ಲ. ಆದರೆ ಅಲ್ಲಿಯೂ ಫಲಿತಾಂಶವು ಪರ್ಸೆಂಟೈಲಿನಲ್ಲೇ ಬರುತ್ತದೆ.

ಈ ಕ್ರಮವು ನಿಂತಿರುವುದು ಒಂದು ನಂಬಿಕೆಯ ಮೇಲೆ. ಅಭ್ಯರ್ಥಿಗಳನ್ನು ಯಾದೃಚ್ಛಿಕವಾಗಿ ಹಂಚುವುದರಿಂದ ಎಲ್ಲ ಪಾಳಿಗಳಲ್ಲೂ ಜಾಣರೂ ಸಾಮಾನ್ಯರೂ ಸರಿಸುಮಾರು ಒಂದೇ ಪ್ರಮಾಣದಲ್ಲಿರುವರೆಂಬುದೇ ಆ ನಂಬಿಕೆ. ಗುಂಪು ದೊಡ್ಡದಾದಷ್ಟೂ ಇದು ನಿಜಕ್ಕೆ ಹತ್ತಿರ. ಆದರೂ ಅಣುಮಾತ್ರ ವ್ಯತ್ಯಾಸವೂ ಉಳಿಯದೆಂದು ಹೇಳಲಾಗದು.

ಇನ್ನೊಂದು ಮಾತು. ಹತ್ತು ಲಕ್ಷ ಮಂದಿಯ ಪರೀಕ್ಷೆಯಲ್ಲಿ 99 ಪರ್ಸೆಂಟೈಲ್ ಪಡೆದವರ ಮುಂದೆಯೂ ಸುಮಾರು ಹತ್ತು ಸಾವಿರ ಮಂದಿಯಿರುತ್ತಾರೆ. ಅವರಿಗೆ ಬೇಕಾದ ಕಾಲೇಜು ದೊರೆಯದೆ ಹೋದರೆ ಅದು ಅವರ ಅರಿವಿನ ಕೊರತೆಯಲ್ಲ, ಸೀಟುಗಳ ಕೊರತೆ. ಇರುವ ಸೀಟುಗಳನ್ನು ಕ್ರಮವಾಗಿ ಹಂಚಲು ಪರ್ಸೆಂಟೈಲು ತಕ್ಕ ಸಾಧನ. ಒಬ್ಬ ವಿದ್ಯಾರ್ಥಿಯು ಕಲಿತದ್ದೆಷ್ಟು, ಮುಂದೆ ಕಲಿಯಬಲ್ಲದ್ದೆಷ್ಟು ಎಂಬುದನ್ನು ಅಳೆಯುವುದು ಅದರ ಕೆಲಸವಲ್ಲ. ಫಲಿತಾಂಶದ ದಿನ ಮಕ್ಕಳೊಡನೆ ಮಾತನಾಡುವ ಮುನ್ನ ಹಿರಿಯರು ಇದನ್ನು ನೆನೆಯುವುದೊಳಿತು.