ಚಾಕಣದ ಸೈಟಿಗೆ ಹೊರಡುವ ಮುನ್ನ

ಕಲಬುರಗಿ, ವಿಜಯಪುರ ಕಡೆಯವರಿಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ಪುಣೆ–ನಾಸಿಕ್ ಹೆದ್ದಾರಿಯ ಚಾಕಣದಲ್ಲಿ ಫೋಕ್ಸ್‌ವ್ಯಾಗನ್, ಮರ್ಸಿಡಿಸ್, ಬಜಾಜ್ ಕಾರ್ಖಾನೆಗಳಿವೆ. ಅವುಗಳ ಸುತ್ತ ಶೆಡ್ಡು, ಗೋದಾಮು, ರಸ್ತೆ ಕೆಲಸಕ್ಕೆ ಬರವಿಲ್ಲ. ಅಲ್ಲಿಗೆ ಇಂಟರ್ನ್‌ಶಿಪ್‌ಗೆ ಹೊರಟ ಸಿವಿಲ್ ವಿದ್ಯಾರ್ಥಿಗಳಲ್ಲಿ ಸಾಫ್ಟ್‌ವೇರ್ ಸರ್ಟಿಫಿಕೇಟ್‌ಗಳ ಕಂತೆ ಹೊತ್ತವರೇ ಹೆಚ್ಚು. ನನ್ನನ್ನು ಕೇಳಿದರೆ, ಒಂದು ಕಾಂಕ್ರೀಟ್ ಕೆಲಸವನ್ನು ಮೊದಲಿಂದ ಕೊನೆವರೆಗೆ ನಿಂತು ನೋಡಿದವರೇ ಸೈಟಿಗೆ ಬೇಕಾದವರು.

ಹೊರಡುವ ಮೊದಲು: ಐಎಸ್ 456:2000 ಸಂಹಿತೆ ಬಿಐಎಸ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಡಿಸೈನ್ ಭಾಗ ಆಮೇಲೆ ನೋಡಿದರಾಯಿತು. ಸೆಂಟ್ರಿಂಗ್, ಕ್ಯೂರಿಂಗ್, ಕ್ಯೂಬ್ ಪರೀಕ್ಷೆಯ ಪುಟಗಳನ್ನು ಓದಿಕೊಳ್ಳಿ. ಕೆಲಸ ನಡೆಸುವಷ್ಟು ಹಿಂದಿ ಬರಲಿ.

ಮಣ್ಣು: ಅಲ್ಲಿಯೂ ನಮ್ಮ ಕಡೆಯಂಥದೇ ಎರೆ ಮಣ್ಣು ಸಿಗುತ್ತದೆ. ನೀರು ಕುಡಿದರೆ ಉಬ್ಬಿ, ಒಣಗಿದರೆ ಬಿರಿಯುತ್ತದೆ. ಸಾಮಾನ್ಯವಾಗಿ ಅದನ್ನು ತೆಗೆದು ಗರಸು ತುಂಬುತ್ತಾರೆ. ಅಲ್ಲಿ ಅದಕ್ಕೆ ಮುರುಮ್ ಅನ್ನುತ್ತಾರೆ. ಪದರ ಪದರವಾಗಿ ನೀರು ಹೊಡೆದು ರೋಲರ್ ಓಡಿಸಬೇಕು, ಪ್ರತಿ ಪದರಕ್ಕೂ ಸಾಂದ್ರತೆ ಪರೀಕ್ಷೆಯಾಗಬೇಕು. ಆ ವರದಿ ಕೇಳಿ ನೋಡಿ.

ಕಬ್ಬಿಣ: ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರ್ ಸರಳಿನ ತೂಕ ಕೆಜಿಯಲ್ಲಿ ಸಿಗುತ್ತದೆ. 12 ಎಂಎಂ ಸರಳಿಗೆ ಸುಮಾರು 0.89 ಕೆಜಿ. ಒಂದು ಮೀಟರ್ ತುಂಡು ತಕ್ಕಡಿಗಿಟ್ಟು ತೂಗಿ. ಐದು ಪರ್ಸೆಂಟ್‌ಗಿಂತ ಹೆಚ್ಚು ಕಡಿಮೆ ಬಂದರೆ ಮೇಲಿನವರಿಗೆ ತಿಳಿಸಿ. ಕಟ್ಟಿದ ಕಬ್ಬಿಣವನ್ನು ಡ್ರಾಯಿಂಗ್ ಹಿಡಿದು ಎಣಿಸಿ. ಪಾಯದಲ್ಲಿ 50, ಕಾಲಂನಲ್ಲಿ 40 ಎಂಎಂ ಕವರ್ ಬ್ಲಾಕ್ ಇವೆಯೇ ಎಂದು ಬಗ್ಗಿ ನೋಡಿ. ಕವರ್ ಬ್ಲಾಕ್ ಬದಲು ಜಲ್ಲಿಕಲ್ಲು ಸಿಕ್ಕಿಸಿರುವುದೂ ಉಂಟು.

ಕಾಂಕ್ರೀಟ್ ದಿನ: ಟ್ರಾನ್ಸಿಟ್ ಮಿಕ್ಸರ್ ಬಂದ ಕೂಡಲೇ ಚಲನ್ ಕೇಳಿ. ಗ್ರೇಡ್ ಯಾವುದು, ಪ್ಲಾಂಟಿನಲ್ಲಿ ಲೋಡ್ ಆಗಿದ್ದು ಎಷ್ಟು ಹೊತ್ತಿಗೆ ಎಂದು ಅದರಲ್ಲಿರುತ್ತದೆ. ಸಾಮಾನ್ಯ ನಿಯಮದಂತೆ ಎರಡು ತಾಸಿನೊಳಗೆ ಗಾಡಿ ಖಾಲಿಯಾಗಬೇಕು. ಚಾಕಣದ ಟ್ರಾಫಿಕ್‌ನಲ್ಲಿ ಅರ್ಧ ಹೊತ್ತು ದಾರಿಯಲ್ಲೇ ಕಳೆದಿರಬಹುದು. ಸ್ಲಂಪ್ ನೋಡಿ. ಕಾಂಕ್ರೀಟ್ ಗಟ್ಟಿ ಎನಿಸಿದರೆ ಮೇಸ್ತ್ರಿ ‘ಥೋಡಾ ಪಾನಿ ಮಾರೋ’ ಅಂದೇ ಅನ್ನುತ್ತಾನೆ. ನೀರಿನ ಪೈಪು ಹಿಡಿಯಲು ಬಿಡಬೇಡಿ. ನೀರು ಹೆಚ್ಚಿದಷ್ಟೂ ಬಲ ಕುಗ್ಗುತ್ತದೆ. ಜಗಳ ಬೇಡ, ಪ್ಲಾಂಟಿನವರಿಗೆ ಫೋನ್ ಹಚ್ಚಿ, ಅಡ್ಮಿಕ್ಸ್ಚರ್ ಹಾಕಬಹುದೇ ಎಂದು ಅವರೇ ಹೇಳಲಿ. 150 ಎಂಎಂ ಕ್ಯೂಬ್‌ಗಳನ್ನು ನೀವೇ ಮೂರು ಪದರದಲ್ಲಿ, ಪದರಕ್ಕೆ 35 ಏಟು ಹಾಕಿ ತುಂಬಿ, ತಾರೀಖು ಬರೆಯಿರಿ. ಮರುದಿನ ಅಚ್ಚು ಬಿಚ್ಚಿ ನೀರಿಗಿಡಿ. 28ನೇ ದಿನದ ಪರೀಕ್ಷೆಯಲ್ಲಿ ಒಂದು ಕ್ಯೂಬ್ ಮೂರರ ಸರಾಸರಿಗಿಂತ ಶೇ 15ಕ್ಕೂ ಹೆಚ್ಚು ಆಚೀಚೆ ಬಂದರೆ ಆ ಸ್ಯಾಂಪಲ್ ನಡೆಯದು.

ಹೆಲ್ಮೆಟ್, ಬೂಟು ಹೇಳಬೇಕಾದ್ದಿಲ್ಲ.

ಡೈರಿ: ಗಾಡಿ ನಂಬರ್, ಸಮಯ, ಸ್ಲಂಪ್, ಎಷ್ಟು ಜನ ಕೆಲಸಕ್ಕಿದ್ದರು, ಮಳೆ ಬಂತೇ, ಎಲ್ಲವನ್ನೂ ಅಂದಂದೇ ಬರೆದಿಡಿ. ಡಿಗ್ರಿ ಅಥವಾ ಡಿಪ್ಲೊಮಾ ಮುಗಿದ ಮೇಲೆ ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದರೆ ಸ್ಟೈಪೆಂಡ್ ಸಹಿತ ಅಪ್ರೆಂಟಿಸ್‌ಶಿಪ್‌ಗೆ ಅರ್ಜಿ ಹಾಕಬಹುದು. ಸಂದರ್ಶನಕ್ಕೆ ಹೋಗುವಾಗ ಸರ್ಟಿಫಿಕೇಟ್ ಜೊತೆ ಆ ಡೈರಿಯನ್ನೂ ಒಯ್ಯಿರಿ.